ಮೂರನೆಯ ಬ್ಯಾಡ

ಸರ್ಕಾರವೇ ಮನೆಬಾಗಿಲಿಗೆ ಬಂದು, "ನಿಮಗೆ ಏನು ಕಲಿಯಬೇಕು, ಏನು ಬೇಕು, ಹೇಳಿ, ಕೊಡುತ್ತೇವೆ" ಅಂತ ಕೇಳಿದರೆ ಬೇಡ ಅನ್ನುವವರು ಯಾರಾದರೂ ಇರುತ್ತಾರೆಯೇ? ಇದ್ದರು. ಹೊಳೆಬಸಾಪುರದವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತನ್ನು ನೀವು ಕೇಳಿದ್ದೀರಿ. ಇಲ್ಲಿ ದೇವರೂ ಕೊಟ್ಟ, ಪೂಜಾರಿಯೂ ಕೊಟ್ಟ, ಭಕ್ತರೇ "ಬ್ಯಾಡ ಬಿಡ್ರಿ" ಅಂದು ಬಾಗಿಲು ಮುಂದೆ ಮಾಡಿಕೊಂಡರು.

ಹೀಗೆ ಬೇಡ ಅಂದವರಲ್ಲಿ ಗಿರಿಜವ್ವ ಹೂಗಾರ ಒಬ್ಬಳು. ವಯಸ್ಸು ಅರವತ್ತೆರಡು. ಮೂವತ್ತು ವರ್ಷ ಊರಿನ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಮಾಡಿ, ಬಡಿಸಿ, ಸೌಟು ಕೆಳಗಿಟ್ಟು ನಿವೃತ್ತಿಯಾದವಳು. ಗಂಡ ಫಕ್ಕೀರಪ್ಪ ಬಸ್ ಕಂಡಕ್ಟರ್ ಆಗಿದ್ದವನು, ಅವನದೂ ನಿವೃತ್ತಿ. ಮಕ್ಕಳಿರಲಿಲ್ಲ. ಅಥವಾ ಗಿರಿಜವ್ವ ಹೇಳುವಂತೆ, "ನನಗ ಮಕ್ಕಳಿಲ್ಲ ಅನ್ನಬ್ಯಾಡ್ರಿ, ವರ್ಷಕ್ಕ ಎಂಬತ್ತು ಇರ್ತಿದ್ದವು."

ಆ ಎಂಬತ್ತರಲ್ಲಿ ಕೆಲವರು ದೊಡ್ಡವರಾದ ಮೇಲೆ ಅವಳಿಗೆ ಕಾಗದ ಬರೆಯುತ್ತಿದ್ದರು. ಫೋನಿನ ಕಾಲದಲ್ಲೂ ಕಾಗದವೇ, ಯಾಕೆಂದರೆ ಹಾಸ್ಟೆಲಿನ ಹಳೆಯ ವಾರ್ಡನ್ನರು ಪ್ರತಿ ಭಾನುವಾರ ಮನೆಗೆ ಕಾಗದ ಬರೆಸಿ ಬರೆಸಿ ಅವರ ಕೈಗೆ ಚಟ ಹಿಡಿಸಿದ್ದರು. ಗಿರಿಜವ್ವನಿಗೆ ಓದು ಬರದು. ಫಕ್ಕೀರಪ್ಪ ಓದಿ ಹೇಳುತ್ತಿದ್ದ. ಆದರೆ ಅವನು ಇಡೀ ಜೀವಮಾನ ಕಂಡಕ್ಟರ್ ಆಗಿದ್ದವನು, ಮಾತು ಖರ್ಚು ಮಾಡುವವನಲ್ಲ. ಎರಡು ಪುಟದ ಕಾಗದದ ಮೇಲೆ ಹೀಗೆ ಕಣ್ಣಾಡಿಸಿ, "ಆರಾಮ ಅದಾನಂತ. ನಿನ್ನ ನೆನಸ್ಯಾನ" ಅಂದು ಮಡಚಿ ಕೊಡುತ್ತಿದ್ದ.

"ಅಷ್ಟನ?"

"ಅಷ್ಟ."

"ಎರಡು ಪುಟ ಬರದಾನಲ್ಲರಿ?"

"ಅಕ್ಷರ ದೊಡ್ಡು ಅದಾವು."

ಟ್ರಂಕಿನಲ್ಲಿ ಅಂಥ ಮೂವತ್ತಾರು ಕಾಗದಗಳಿದ್ದವು. ಮೂವತ್ತಾರು ಮಂದಿಯೂ ಆರಾಮ ಇದ್ದರು, ಅವಳನ್ನು ನೆನೆಸಿದ್ದರು. ಫೋನಿನ ಮುಂದೆ ಹಿಡಿದರೆ ಅದೂ ಓದುತ್ತಿತ್ತು, ಆದರೆ ವಾರ್ತೆ ಓದಿದ ಹಾಗೆ ಓಣಿಗೆಲ್ಲ ಕೇಳುವಂತೆ ಓದುತ್ತಿತ್ತು. ಅಲ್ಲದೆ ಆ ಹುಡುಗರಲ್ಲಿ ಒಬ್ಬನಾದ ಗುರುಪಾದ ತಳವಾರನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಫೋನಿಗೂ ಹತ್ತುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಗುರುಪಾದನ ಕಾಗದವೇ, ಐದು ಪುಟ. ನಾಲ್ಕು ವರ್ಷದ ಹಿಂದೆ ಬಂದದ್ದು. ಐದು ಪುಟ ತುಂಬ ಯಾವ ಮನುಷ್ಯ ತಾನೇ ಬರೀ ಆರಾಮ ಇರುತ್ತಾನೆ? ಆ ಕಾಗದ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ತಾನೇ ಓದಬೇಕು, ತನ್ನ ಕಣ್ಣಿನಿಂದ, ತನ್ನ ಹೊತ್ತಿನಲ್ಲಿ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಊರಿಗೆ ತಂಬಿಗಿ ಬಂತು.

ಅದರ ಸರ್ಕಾರಿ ಹೆಸರು ಜನವಿಕಾಸ ಸಂವಾದಕ ಯಂತ್ರ. ಮೊಣಕಾಲೆತ್ತರ, ಹೊಟ್ಟೆ ಉಬ್ಬಿ ಕುತ್ತಿಗೆ ಸಣ್ಣಗಾದ ಹಿತ್ತಾಳೆ ಬಣ್ಣದ ಮೈ, ಕೆಳಗೆ ಮೂರು ಗಾಲಿ, ಹೊಟ್ಟೆಯ ಮೇಲೊಂದು ಬೆಳಗುವ ಹಲಗೆ. ಕಂಡವರೆಲ್ಲ ತಂಬಿಗಿ ಅಂದರು, ಅದೇ ಹೆಸರಾಯಿತು. ಅದು ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ಕೇಳುತ್ತಿತ್ತು: ಓದು ಬರಹ ಕಲಿಯುತ್ತೀರಾ? ಹೊಲಿಗೆ, ಹಾಡು, ದೊಡ್ಡಾಟ, ತಬಲಾ? ಮೊಣಕಾಲು ನೋವಿಗೆ ವ್ಯಾಯಾಮ? ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಜನ? ಬೇಕು ಅಂದದ್ದು ಊರ ನಡುವಿನ ವಿಕಾಸ ಮನೆಗೆ ತಿಳಿಯುತ್ತಿತ್ತು, ವಾರದೊಳಗೆ ಕಲಿಸುವವರೂ ನೋಡಿಕೊಳ್ಳುವವರೂ ಅಲ್ಲಿಗೆ ಬಂದಿಳಿಯುತ್ತಿದ್ದರು. ಯಾರಿಗೆ ಯಾವ ವೇಗದಲ್ಲಿ ಕಲಿಸಬೇಕು ಅನ್ನುವುದನ್ನೂ ತಂಬಿಗಿಯೇ ಲೆಕ್ಕ ಹಾಕುತ್ತಿತ್ತು. ಬೇರೆ ಊರುಗಳಲ್ಲಿ ಅಜ್ಜಂದಿರು ಹಾರ್ಮೋನಿಯಂ ಕಲಿತು ಸೊಸೆಯಂದಿರ ತಲೆ ತಿನ್ನುತ್ತಿದ್ದಾರೆ ಅನ್ನುವ ಸುದ್ದಿ ಇತ್ತು.

ಯಂತ್ರಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಹಿಂದೆ ಜನರಿಗೆ ಒಳ್ಳೆಯದಾಗಲಿ ಅಂತ ಬೇಡವಾದದ್ದನ್ನೆಲ್ಲ ಹೇರಿ ಬೈಸಿಕೊಂಡಿದ್ದ ಸರ್ಕಾರ, ಈ ಸಲ ಒತ್ತಾಯವೇ ಕೂಡದು ಅಂತ ತೀರ್ಮಾನಿಸಿತ್ತು. ಒಬ್ಬರು ಒಮ್ಮೆ ಬೇಡ ಅಂದರೆ ಮುಗಿಯಿತು. ಧನ್ಯವಾದ ಹೇಳಿ ಹೊರಡಬೇಕು, ಐದು ವರ್ಷ ಅದೇ ಮಾತನ್ನು ಮತ್ತೆ ಎತ್ತಬಾರದು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಮರ್ಯಾದೆಯ ನಿಯಮ ಇನ್ನೊಂದಿಲ್ಲ.

ಗಿರಿಜವ್ವನ ಮನೆಗೆ ಅದು ಬಂದದ್ದು ಒಂದು ಬೆಳಿಗ್ಗೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ನಮಸ್ಕಾರ. ಓದು ಬರಹ ಕಲಿಯಲು ನಿಮಗೆ ಇಷ್ಟವೇ?"

ಗಿರಿಜವ್ವನ ಕೈಯ ಮೊರ ನಿಂತಿತು. ಬೇಕು ಅಂತ ಬಾಯಿ ಬಿಟ್ಟು ಹೇಳುವುದಾದರೂ ಹೇಗೆ? ಕೇಳಿದ ತಕ್ಷಣ ಹೂಂ ಅಂದರೆ ಹಸಿದು ಕೂತವಳು ಅಂದುಕೊಳ್ಳುವುದಿಲ್ಲವೇ? ಯಾವ ಮನೆಯಲ್ಲಿ ತಾನೇ ಮೊದಲನೇ ಸಲಕ್ಕೆ ಹಾಕಿ ಅಂತ ಗಂಗಾಳ ಮುಂದೆ ಮಾಡುತ್ತಾರೆ? ಅವಳು ಸೆರಗು ಸರಿ ಮಾಡಿಕೊಂಡು ಲೋಕರೂಢಿಯ ಮಾತನ್ನೇ ಆಡಿದಳು.

"ಅಯ್ಯ, ಈ ವಯಸ್ಸಿನ್ಯಾಗ ನನಗ್ಯಾಕ್ರಿ ಅದೆಲ್ಲ? ಬ್ಯಾಡ ಬಿಡ್ರಿ."

"ಧನ್ಯವಾದ" ಅಂದಿತು ತಂಬಿಗಿ. ಗಿರ್ರನೆ ತಿರುಗಿ ಪಕ್ಕದ ಮನೆಗೆ ಹೋಗಿಯೇಬಿಟ್ಟಿತು.

ಗಿರಿಜವ್ವ ಮೊರ ಹಿಡಿದು ಹಾಗೇ ನಿಂತಳು. ಮರುದಿನ ಬಂದೀತು ಅಂತ ಕಾದಳು. ಅದರ ಮರುದಿನವೂ ಕಾದಳು. ವಾರದ ಮೇಲೆ ಫಕ್ಕೀರಪ್ಪನ ಮುಂದೆ ಒಮ್ಮೆ ಸಿಡುಕಿದಳು ಕೂಡ: "ಅದೆಂಥಾ ಸರಕಾರ್ರಿ, ಇನ್ನೊಂದು ಸಲ ಕೇಳಾಕ ಬಾಯಿಗೇನು ಬ್ಯಾನಿ?" ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೋಗಿ ತಾನೇ ಕೇಳುವುದಕ್ಕೆ ಅವಳ ಮಾನ ಒಪ್ಪಲಿಲ್ಲ.

ಊರಿಡೀ ಇದೇ ಕಥೆ. ಸಾವಿರದ ಎಂಟುನೂರು ಮನೆಗಳಲ್ಲಿ ಬೇಕು ಅಂದವರು ನಲವತ್ತೊಂದು ಜನ. ಅವರಲ್ಲೂ ಅರ್ಧದಷ್ಟು ಬೇರೆ ಊರಿನಿಂದ ವರ್ಗವಾಗಿ ಬಂದವರು. ವಿಕಾಸ ಮನೆಯಲ್ಲಿ ಪುಸ್ತಕಗಳು ಸಾಲಾಗಿ ಕೂತಿದ್ದವು, ತಬಲಾಗಳು ಗವುಸು ಹೊದ್ದು ಮಲಗಿದ್ದವು. ಧಾರವಾಡದ ನಿಯಂತ್ರಣ ಕೊಠಡಿಯ ನಕಾಶೆಯಲ್ಲಿ ಹೊಳೆಬಸಾಪುರ ಒಂದೇ ಕೆಂಪಗೆ ಉರಿಯುತ್ತಿತ್ತು. ಇಲ್ಲಿ ಯಾರಿಗೂ ಏನೂ ಬೇಡ ಅಂದಮೇಲೆ ತಿಂಗಳ ಕೊನೆಗೆ ವಿಕಾಸ ಮನೆಯನ್ನು ಎತ್ತಿ ಬೇಕು ಅನ್ನುವ ಊರಿಗೆ ಕೊಡುವುದು ಅಂತ ಆದೇಶವಾಯಿತು. ಎತ್ತುವ ಮೊದಲು ಒಮ್ಮೆ ನೋಡಿ ಬರಲಿ ಅಂತ ಯಂತ್ರದ ಮಾತುಕತೆಯ ಭಾಗವನ್ನು ರೂಪಿಸಿದ್ದ ಶ್ರೀಶೈಲ ಕಡಕೋಳ ಎಂಬ ಎಂಜಿನಿಯರನ್ನು ಕಳಿಸಿದರು.

ಆ ದಿನ ಅಮಾವಾಸ್ಯೆ, ಊರಿನ ಎರಡೂ ಖಾನಾವಳಿ ಬಂದ್. ಬಸ್ ನಿಲ್ದಾಣದಲ್ಲಿ ಹಸಿದು ನಿಂತಿದ್ದ ಶ್ರೀಶೈಲನನ್ನು ಫಕ್ಕೀರಪ್ಪ ನೋಡಿ, ಯಾರು ಎತ್ತ ವಿಚಾರಿಸಿ, ಮನೆಗೆ ಕರೆತಂದ. ಮೂವತ್ನಾಲ್ಕು ವರ್ಷದ, ಕನ್ನಡಕದ, ಸಭ್ಯ ಮನುಷ್ಯ. ಗಿರಿಜವ್ವನಿಗೆ ಅವನು ಯಾರೆಂದು ತಿಳಿದಾಗ ಒಳಗೊಳಗೇ ಸಿಟ್ಟು ಬಂತು. ಆದರೆ ಸಿಟ್ಟು ಬೇರೆ, ಊಟ ಬೇರೆ. ಬಿಸಿರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಂದವು.

ಎರಡು ರೊಟ್ಟಿ ಆದಮೇಲೆ ಶ್ರೀಶೈಲ, "ಸಾಕ್ರಿ ಅವ್ವಾರ" ಅಂದ. ರೊಟ್ಟಿ ಬಿತ್ತು. ಮೂರು ಮುಗಿಸಿ, "ಬ್ಯಾಡ್ರಿ, ಖರೇನ ಬ್ಯಾಡ" ಅಂದ. "ಒಂದ ತುತ್ತು, ರುಚಿ ನೋಡ್ರಿ" ಅಂತ ಬಿಸಿಬಿಸಿ ಅರ್ಧ ಬಿತ್ತು, ಅದರ ಬೆನ್ನಿಗೆ ಇನ್ನರ್ಧ. ನಾಲ್ಕೂ ಮುಗಿದವು. ಮುಂದಿನ ರೊಟ್ಟಿಗೆ ಅವನು ಏನೂ ಅನ್ನುವ ಮೊದಲೇ ಗಿರಿಜವ್ವ ಬುಟ್ಟಿ ಮುಚ್ಚಿದಳು.

ಅವನಿಗೆ ಸೋಜಿಗವಾಯಿತು. "ಈಗ್ಯಾಕ ಬಿಟ್ರಿ? ಆಗ ಬ್ಯಾಡ ಬ್ಯಾಡ ಅಂದ್ರೂ ಹಾಕಿದ್ರಿ."

"ಆಗ ನಿಮ್ಮ ಬಾಯಿ ಬ್ಯಾಡ ಅಂತು, ಗಂಗಾಳ ಬ್ಯಾಡ ಅನ್ನಲಿಲ್ಲ. ಕೈ ಅಡ್ಡ ತಂದ್ರಿ ಖರೆ, ಬೆರಳ ಸಂದ್ಯಾಗ ರೊಟ್ಟಿ ತೂರುವಷ್ಟು ಜಾಗ ಇತ್ತು. ಈಗ ನೋಡ್ರಿ, ಅಂಗೈ ಮುಚ್ಚಿ ಕುಂತೀರಿ. ಇದು ಹೊಟ್ಟಿ ತುಂಬಿದ ಬ್ಯಾಡ."

ಶ್ರೀಶೈಲ ತನ್ನ ಅಂಗೈಯನ್ನೇ ನೋಡಿಕೊಂಡ. ನೋಡುತ್ತ ನೋಡುತ್ತ ಅವನ ಮುಖ ಬಣ್ಣಗೆಟ್ಟಿತು.

"ಅವ್ವಾರ, ಹಂಗಾರ ಊರ ಮಂದಿ ನಮ್ಮ ಯಂತ್ರಕ್ಕ ಬ್ಯಾಡ ಅಂದಿದ್ದು..."

"ಅಡಗಿ ಮಾಡಿದಾಕಿಗಿಂತ ಬಡಿಸಿದಾಕಿನ ಮೇಲು ಅಂತ ಗಾದಿ ಅದ" ಅಂದಳು ಗಿರಿಜವ್ವ, ತಡೆದ ಸಿಟ್ಟೆಲ್ಲ ಹೊರಬಿದ್ದು. "ಅಡಗಿ ಭಾಳ ಚಲೋ ಮಾಡೀರಿ. ನಿಮ್ಮ ತಂಬಿಗಿಗೆ ಬಡಸಾಕ ಬರಂಗಿಲ್ಲ, ತಮ್ಮಾ! ಒಮ್ಮೆ ಕೇಳಿ ಎದ್ದು ಹೋಗಾವನ್ನ ಯಾರರ ಯಜಮಾನ ಅಂತಾರೇನು?"

ಮೊಸರು ಮುಟ್ಟದೆ ಎದ್ದ ಶ್ರೀಶೈಲ. ಅವನೂ ಇದೇ ಸೀಮೆಯವನೇ. ಅವನ ಅವ್ವ ಬಂದವರಿಗೆಲ್ಲ ಮೂರು ಸಲ ಕೇಳದೆ ಚಹಾ ಕೂಡ ಕೊಟ್ಟವಳಲ್ಲ. ಆದರೂ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ನಿಯಮ ಬರೆಯುವಾಗ ಆ ಮಾತು ಒಬ್ಬರಿಗೂ ನೆನಪಾಗಿರಲಿಲ್ಲ. ಎಂಟು ಜನ ಎಂಜಿನಿಯರುಗಳು, ಎಂಟೂ ಜನ ಬೇಡ ಬೇಡ ಅನ್ನುತ್ತಲೇ ಉಂಡು ಬೆಳೆದವರು!

ನಾಲ್ಕನೇ ದಿನ, ಯಾವ ಬೇಡ ಎಂಥದು ಅಂತ ಯಂತ್ರಕ್ಕೆ ಕಲಿಸಿಕೊಡಿ ಅಂತ ಗಿರಿಜವ್ವನಿಗೆ ಧಾರವಾಡದಿಂದ ಕರೆ ಬಂತು. ಗಂಡನನ್ನು ಜೊತೆಗೆ ಕರೆದುಕೊಂಡು, ಬುತ್ತಿ ಕಟ್ಟಿಕೊಂಡು ಹೋದಳು. ನಿಯಂತ್ರಣ ಕೊಠಡಿ ಅಂದರೆ ಪ್ರಯೋಗಾಲಯ, ಬಾಟಲಿ, ಹೊಗೆ ಇರುತ್ತದೆ ಅಂದುಕೊಂಡಿದ್ದಳು. ಇಲ್ಲಿ ನೋಡಿದರೆ ಬರೀ ಕುರ್ಚಿ, ಪರದೆ, ಗೋಡೆಯ ತುಂಬ ದೀಪ ದೀಪದ ನಕಾಶೆ. ಮುಖ್ಯಸ್ಥೆ ಮಾಲಿನಿ ಮೇಡಂ ಮೊದಲು ಒಪ್ಪಿರಲಿಲ್ಲ. ಅವರ ಅಂಜಿಕೆಯೂ ಸುಳ್ಳಲ್ಲ.

"ನೋಡಿ ಅಮ್ಮ," ಅಂದರು ಅವರು, ಮೈಸೂರು ಕಡೆಯ ಮಾತಿನಲ್ಲಿ. "ಬೇಡ ಅಂದ್ರೆ ಬೇಕು ಅಂತ ಅರ್ಥ ಅನ್ನೋಕೆ ಶುರು ಮಾಡಿದ್ರೆ ಅದಕ್ಕೆ ಕೊನೆ ಎಲ್ಲಿ? ನಿಜವಾಗ್ಲೂ ಬೇಡ ಅಂದೋರ ಗತಿ ಏನು?"

ಗಿರಿಜವ್ವ ಬುತ್ತಿಯ ಗಂಟನ್ನು ಪಕ್ಕಕ್ಕಿಟ್ಟಳು. "ಮೇಡಂ ಅವರ, ಮೂವತ್ತು ವರ್ಷ ಬಡಿಸೀನ್ರಿ. ಹಸದವ್ರನ್ನ ಎಬ್ಬಿಸಿದ್ದು ಪಾಪ, ಹೊಟ್ಟಿ ತುಂಬಿದವ್ರಿಗೆ ತುರಕಿದ್ದೂ ಪಾಪ. ಮೂರು ಸಲ ಕೇಳಬೇಕು, ನಾಕನೇದು ಕೇಳಬಾರದು. ನಡುವ ಅಂಗೈ ಮುಚ್ಚಿದ್ರ ಅಲ್ಲೇ ನಿಲ್ಲಬೇಕು. ಇದಕ್ಕ ಓದು ಬೇಕಾಗಿಲ್ರಿ, ಕಣ್ಣು ಬೇಕು."

ಮಾಲಿನಿ ಮೇಡಂ ಹದಿನೈದು ದಿನ ಕೊಟ್ಟರು, ಈ ಒಂದೇ ಊರಿಗೆ.

ಕೆಲಸ ಶುರುವಾಯಿತು. ಊರವರ ಬೇಡಗಳನ್ನೆಲ್ಲ ಯಂತ್ರ ಉಳಿಸಿಕೊಂಡಿತ್ತು. ಹೆಸರು ತೆಗೆದು, ಮುಖ ಮಸುಕು ಮಾಡಿ, ದನಿ ಮತ್ತು ಕೈಯ ಚಲನೆ ಮಾತ್ರ ಪರದೆಯ ಮೇಲೆ ಬಿಡುತ್ತಿದ್ದರು. ಗಿರಿಜವ್ವ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅವನ್ನು ಆರಿಸತೊಡಗಿದಳು.

"ಇದು ಸಂಕೋಚದ ಬ್ಯಾಡ. ಅನ್ನೂ ಮೊದ್ಲು ಉಗುಳು ನುಂಗಿತು ನೋಡ್ರಿ."

"ಇದು ಬಾಜೂಕ ಅತ್ತಿ ನಿಂತಾಳ ಅಂತ ಅಂದಿದ್ದು. ಒಬ್ಬಾಕೇ ಇದ್ದಾಗ ಕೇಳ್ರಿ."

"ಇದು ಮುನಿಸಿಂದು. ಬಾಜೂ ಮನಿಗೆ ಮೊದ್ಲು ಹೋಗಿ, ನಮ್ಮನಿಗೆ ಆಮ್ಯಾಲ ಬಂದ್ರಿ ಅಂತ ಸಿಟ್ಟು."

"ಇದು ಖರೇ ಬ್ಯಾಡ. ಬಿಡ್ರಿ ಅವನ್ನ ಪಾಪ, ಆರಾಮ ಇರಲಿ."

ಅವಳು ಹೇಳಿದ್ದನ್ನೆಲ್ಲ ಯಂತ್ರ ಕಲಿಯುತ್ತಿತ್ತು. ಬೇಡಕ್ಕೆ ಮೊದಲು ಎಷ್ಟು ಹೊತ್ತು ತಡೆದರು, ದನಿ ಕೊನೆಯಲ್ಲಿ ಇಳಿಯಿತೋ ತೂಗಾಡಿತೋ, ಕೈ ಮುಚ್ಚಿತೋ ತೆರೆದಿತ್ತೋ, ಕಾಲು ಒಳಕ್ಕೆ ಸರಿಯಿತೋ ಹೊಸ್ತಿಲಲ್ಲೇ ನಿಂತಿತೋ. ಮೂರನೇ ದಿನಕ್ಕೆ ಹತ್ತರಲ್ಲಿ ಒಂಬತ್ತು ಸಲ ಅವಳು ಬಾಯಿ ತೆರೆಯುವ ಮೊದಲೇ ಯಂತ್ರ ಅವಳ ಉತ್ತರವನ್ನು ಹೇಳುವಂತಾಯಿತು. ಎಂಟು ಎಂಜಿನಿಯರುಗಳು ಅವಳ ಬೆನ್ನ ಹಿಂದೆ ನಿಂತು ಬಾಯಿ ಬಿಟ್ಟು ನೋಡುತ್ತಿದ್ದರು. ಫಕ್ಕೀರಪ್ಪ ಮಾತ್ರ ಬುತ್ತಿ ಕಾಯುತ್ತ ಹೆಮ್ಮೆಯಿಂದ ಮೀಸೆ ತಿರುವುತ್ತಿದ್ದ.

ಆ ದಿನ ಮಧ್ಯಾಹ್ನ ಪರದೆಯ ಮೇಲೆ ಒಂದು ದನಿ ಬಂತು. "ಅಯ್ಯ, ಈ ವಯಸ್ಸಿನ್ಯಾಗ ನನಗ್ಯಾಕ್ರಿ ಅದೆಲ್ಲ? ಬ್ಯಾಡ ಬಿಡ್ರಿ."

ಮಸುಕು ಮುಖದ ಕೆಳಗೆ, ಕೈಯಲ್ಲಿ ಮೊರವಿತ್ತು.

ಗಿರಿಜವ್ವ ತಣ್ಣಗಾದಳು. ತನ್ನ ದನಿ ತನಗೇ ಹೀಗೆ ಕೇಳುತ್ತದೆ ಅಂತ ಗೊತ್ತಿರಲಿಲ್ಲ. ಎಷ್ಟು ಹಸಿದ ದನಿ! ಹಾಸ್ಟೆಲಿಗೆ ಸೇರಿದ ಮೊದಲ ದಿನ ಹುಡುಗರು ಸಾರು ಬೇಡ ಅನ್ನುತ್ತಿದ್ದರಲ್ಲ, ಹಾಗಿತ್ತು. ಇಲ್ಲಿ ಎಂಟು ಜನ ಓದಿದವರು, ಒಬ್ಬ ಮೇಡಂ, ಅವರೆಲ್ಲ ಅವಳನ್ನು ಗುರು ಅಂತ ಕೂರಿಸಿದ್ದಾರೆ. ಈ ಗುರುವಿಗೆ ತನ್ನ ಹೆಸರು ಬರೆಯಲು ಬರದು ಅಂತ ಈಗ ಹೇಳುವುದೇ?

"ಹೊಟ್ಟಿ ತುಂಬಿದ ಬ್ಯಾಡ" ಅಂದಳು. "ಮುಂದಿಂದು ಹಾಕ್ರಿ."

ಶ್ರೀಶೈಲ ಮುಂದಿನದನ್ನು ಹಾಕಿದ.

ಊರಿಗೆ ಮರಳಿದ ಮೇಲೆ ತಂಬಿಗಿಯ ಹೊಸ ನಡೆ ಶುರುವಾಯಿತು. ಈಗ ಅದು ಬಾಗಿಲಲ್ಲಿ ನಿಂತು ಕೇಳುವುದಷ್ಟೇ ಅಲ್ಲ, ಅಂಗಳದಲ್ಲಿ ಸುಮ್ಮನೆ ತುಸು ಹೊತ್ತು ಕೂರುತ್ತಿತ್ತು, ಮಳೆ ಬೆಳೆ ಮಾತಾಡುತ್ತಿತ್ತು, ಆಮೇಲೆ ಮತ್ತೆ ಕೇಳುತ್ತಿತ್ತು. ಗೌಡರ ಸೊಸೆಯನ್ನು ಅತ್ತೆ ಇಲ್ಲದಾಗ ಕೇಳಿತು. ಅವಳು ಎರಡನೇ ಸಲಕ್ಕೇ ಹೊಲಿಗೆ ಅಲ್ಲ, ತಬಲಾ ಬೇಕು ಅಂದಳು! ಮುನಿಸಿಕೊಂಡಿದ್ದ ಪೋಸ್ಟ್ ಮಾಸ್ತರರ ಮನೆಗೆ ಎಲ್ಲರಿಗಿಂತ ಮೊದಲು ಹೋಯಿತು, ಅವರು ದೊಡ್ಡಾಟದ ಭೀಮನ ಪಾತ್ರಕ್ಕೆ ಹೆಸರು ಕೊಟ್ಟರು. ರೇಡಿಯೋ ರಿಪೇರಿಯ ಇಮಾಮಸಾಬ ಮಾತ್ರ, "ನನಗ ನನ್ನ ರೇಡಿಯೋ ಸಾಕಪಾ, ಮತ್ತೇನೂ ಬ್ಯಾಡ" ಅಂದು ಬೆಸುಗೆ ಹಾಕುತ್ತಲೇ ಇದ್ದ. ತಂಬಿಗಿ ಅವನನ್ನು ಎರಡನೇ ಸಲ ಕೂಡ ಕೇಳಲಿಲ್ಲ. ಅವನ ಹಾಡು ಕೇಳುತ್ತ ಐದು ನಿಮಿಷ ಕೂತು ಎದ್ದು ಬಂತು. "ಭಾಳ ಶಾಣೆ ಆಗೇತಿ" ಅಂತ ಇಮಾಮಸಾಬನೇ ಊರಿಗೆಲ್ಲ ಹೊಗಳಿದ.

ಹತ್ತು ದಿನದಲ್ಲಿ ವಿಕಾಸ ಮನೆಯ ಮುಂದೆ ಚಪ್ಪಲಿ ಬಿಡಲು ಜಾಗವಿಲ್ಲದಂತಾಯಿತು. ಹಾಸಿಗೆ ಹಿಡಿದಿದ್ದ ನಿಂಗಜ್ಜಿಯನ್ನು ನೋಡಿಕೊಳ್ಳಲು ದಿನವೂ ಇಬ್ಬರು ಬಂದರು. ಸಂಜೆಯಾದರೆ ದೊಡ್ಡಾಟದ ತಾಲೀಮಿನ ಕೂಗು ಹೊಳೆಯ ಆಚೆ ದಂಡೆಗೂ ಕೇಳುತ್ತಿತ್ತು. ಎಲ್ಲರೂ ಗಿರಿಜವ್ವನನ್ನು ಕಂಡಲ್ಲಿ ನಿಲ್ಲಿಸಿ, "ನಿಮ್ಮಿಂದ ಆತು ನೋಡ್ರಿ" ಅನ್ನುತ್ತಿದ್ದರು. ಅವಳು ನಗುತ್ತಿದ್ದಳು. ಮನೆಗೆ ಬಂದು ಟ್ರಂಕಿನ ಮುಂದೆ ಕೂತುಬಿಡುತ್ತಿದ್ದಳು. ತಂಬಿಗಿ ಅವರ ಓಣಿಗೆ ಬಂತು, ಎಡಗಡೆ ಮನೆಗೆ ಹೋಯಿತು, ಬಲಗಡೆ ಮನೆಗೆ ಹೋಯಿತು. ಅವಳ ಮನೆಗೆ ಬರಲಿಲ್ಲ. ಯಾಕೆ ಬರುತ್ತದೆ? ಖರೇ ಬ್ಯಾಡ ಅಂತ ತೀರ್ಪು ಕೊಟ್ಟವಳು ತಾನೇ ಅಲ್ಲವೇ!

ಫಕ್ಕೀರಪ್ಪ ಎರಡು ದಿನ ನೋಡಿದ, ಮೂರನೇ ದಿನ ಕೇಳಿದ. "ಏನಾಗೇತಿ ನಿನಗ? ರೊಟ್ಟಿ ಸುಡಾಕತ್ತೀ, ಪಲ್ಲೆಗೆ ಉಪ್ಪಿಲ್ಲ."

"ಏನಿಲ್ಲ. ಆರಾಮ ಅದೀನಿ."

ಆ ಮಾತು ಅವನಿಗೆ ನಾಟಿತು. ಅವನು ಟ್ರಂಕಿನ ಕಡೆ ನೋಡಿದ, ಅವಳ ಕಡೆ ನೋಡಿದ. "ಓದಾಕ ಕಲೀಬೇಕಂತ ಇತ್ತೇನು?"

ಅವಳು ಟ್ರಂಕಿನ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದಳು.

"ಲಗ್ನ ಆದ ಹೊಸದರಾಗ ನಾನ ಕೇಳಿದ್ನಲ್ಲ, ಕಲಸ್ಲೇನು ಅಂತ. ನೀನ ಬ್ಯಾಡ ಅಂದಿ."

ಗಿರಿಜವ್ವನ ಕಣ್ಣು ತುಂಬಿ ಬಂತು. "ಹದಿನೆಂಟು ವರ್ಷದ ಹೆಣ್ಮಗಳು, ಹೊಸಾ ಮನಿ. ಬ್ಯಾಡ ಅನ್ನದ ಏನಂದೇನ್ರಿ? ನಲವತ್ನಾಕು ವರ್ಷ ಆತು. ಒಮ್ಮೆ ಕೇಳಿ ಬಿಟ್ರಿ."

ಫಕ್ಕೀರಪ್ಪ ಎದ್ದು ಹೋಗಿ ಅವನೇ ಚಹಾ ಮಾಡಿ ತಂದುಕೊಟ್ಟ, ಅದಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದ. ಅವಳು ಪೂರ್ತಿ ಕುಡಿದಳು.

ಹದಿನೈದನೆಯ ದಿನ, ಕೊನೆಯ ದಿನ. ಆ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ನಡೆದದ್ದನ್ನು ಗಿರಿಜವ್ವನಿಗೆ ಶ್ರೀಶೈಲ ಆಮೇಲೆ ಹೇಳಿದ. ಪಟ್ಟಿಯ ಕೊನೆಯಲ್ಲಿ ಒಂದೇ ಒಂದು ಮನೆ ಉಳಿದಿತ್ತು. ಅದರ ಮುಂದೆ ಎರಡು ತೀರ್ಪುಗಳಿದ್ದವು. ಗುರುವಿನ ತೀರ್ಪು: ಖರೇ ಬೇಡ. ಯಂತ್ರದ ತೀರ್ಪು: ಸಂಕೋಚದ ಬೇಡ, ನೂರಕ್ಕೆ ತೊಂಬತ್ತೇಳು. ಇಡೀ ಊರಿನಲ್ಲಿ ಅಷ್ಟು ಸ್ಪಷ್ಟವಾದ ಸಂಕೋಚ ಇನ್ನೊಂದು ಸಿಕ್ಕಿರಲಿಲ್ಲ. ಹೀಗೆ ತಕರಾರು ಬಂದಾಗ ಗುರುವಿನ ಮಾತೇ ನಡೆಯಬೇಕು ಅನ್ನುವುದು ಪದ್ಧತಿ. ಶ್ರೀಶೈಲ ಆ ದನಿಯನ್ನು ಮತ್ತೊಮ್ಮೆ ಹಾಕಿ ಕೇಳಿದ. ಮೊರ ಹಿಡಿದ ಕೈಯನ್ನು ನೋಡಿದ. ಅವನಿಗೆ ನಾಲ್ಕು ರೊಟ್ಟಿ ಬಡಿಸಿದ ಕೈ ಅದು, ಗುರುತು ಸಿಗದೇ ಇರುತ್ತದೆಯೇ? ಮಾಲಿನಿ ಮೇಡಂ ಅವನ ಹಿಂದೆ ಬಂದು ನಿಂತಿದ್ದರು.

"ಗುರುವನ್ನ ಮೀರಿಸಿದೆ ನಿಮ್ಮ ಯಂತ್ರ" ಅಂದರು. "ಕಳಿಸಿ."

ಗಿರಿಜವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಾಲಿಯ ಸದ್ದು ಕೇಳಿತು. ತಲೆ ಎತ್ತಲಿಲ್ಲ. ಸದ್ದು ಮುಂದಿನ ಮನೆಗೆ ಹೋಗದೆ ಅವಳ ಮುಂದೆಯೇ ನಿಂತಿತು.

"ಜ್ವಾಳ ಈ ಸಲ ಚಲೋ ಬಂದಾವ್ರಿ?" ಅಂದಿತು ತಂಬಿಗಿ. ಅದರ ಮಾತು ಕೂಡ ಊರಿನದಾಗಿತ್ತು.

"ಬಂದಾವು."

"ಓದಾಕ ಕಲೀತೀರೇನ್ರಿ ಅವ್ವಾರ?"

"ಬ್ಯಾಡ" ಅಂದಳು ಗಿರಿಜವ್ವ. ಮೊರ ವಾಲಿ ಜೋಳ ಚೆಲ್ಲಿತು.

ತಂಬಿಗಿ ಹೋಗಲಿಲ್ಲ. ಚೆಲ್ಲಿದ ಕಾಳು ಗಾಲಿಗೆ ಸಿಗದ ಹಾಗೆ ಒಂದಿಷ್ಟು ಹಿಂದೆ ಸರಿಯಿತು. ಬೇಲಿಯ ಮೇಲೆ ಎರಡು ಗುಬ್ಬಿ ಬಂದು ಕೂತವು. ಬಾಗಿಲ ಮರೆಯಲ್ಲಿ ಫಕ್ಕೀರಪ್ಪ ಕಿವಿಗೊಟ್ಟು ನಿಂತಿದ್ದ.

"ಯಾರೂ ನೋಡಂಗಿಲ್ರಿ. ಕಲೀತೀರೇನು?"

"ಬ್ಯಾಡಪಾ. ವಯಸ್ಸಾತು. ಕಣ್ಣು ಕಾಣಂಗಿಲ್ಲ. ನಕ್ಕಾರು ಮಂದಿ." ಎರಡನೆಯದು ಮುಗಿಯಿತು. ಇನ್ನು ಒಂದೇ. ಈ ಸಲವೂ ಬಾಯಿ ಬೇಡ ಅಂದರೆ ಏನು ಗತಿ ಅಂತ ಅವಳಿಗೆ ತನ್ನ ಬಾಯಿಯ ಮೇಲೆಯೇ ಹೆದರಿಕೆಯಾಯಿತು. ನಲವತ್ನಾಲ್ಕು ವರ್ಷದ ರೂಢಿ, ಅದು ಕೇಳಬೇಕಲ್ಲ!

ಅಂಜಿದಂತೆಯೇ ಆಯಿತು. ತಂಬಿಗಿ ಇನ್ನೂ ಕೇಳುವ ಮೊದಲೇ "ಬ್ಯಾಡ" ಅಂದುಬಿಟ್ಟಳು, ಮೂರನೆಯದು.

ತಂಬಿಗಿ ಅಲ್ಲೇ ನಿಂತಿತು. ಅದರ ಹೊಟ್ಟೆಯ ಹಲಗೆ ಮೆಲ್ಲಗೆ ಬೆಳಗಿತು. ಅದರಲ್ಲಿ ಒಂದೇ ಒಂದು ಅಕ್ಷರ ಮೂಡಿತು, ರೊಟ್ಟಿಯಷ್ಟು ದೊಡ್ಡದು.

"ಒಂದ ಅಕ್ಷರ" ಅಂದಿತು. "ರುಚಿ ನೋಡ್ರಿ."

ಗಿರಿಜವ್ವ ತಟ್ಟನೆ ತಲೆ ಎತ್ತಿದಳು. ಅದು ಅವಳದೇ ಮಾತು. ಹೊಸದಾಗಿ ಬಂದು ಗೋಡೆಗೆ ಮುಖ ಮಾಡಿ ಕೂತ ಎಷ್ಟು ಹುಡುಗರಿಗೆ ಅದನ್ನು ಅಂದಿದ್ದಳೋ! ಒಬ್ಬನನ್ನೂ ಹಸಿದು ಮಲಗಲು ಬಿಟ್ಟವಳಲ್ಲ. ಇಷ್ಟು ವರ್ಷದಲ್ಲಿ ತನಗೆ ಯಾರಾದರೂ ಹಾಗೆ ಬಡಿಸಿದ್ದು ಇದೇ ಮೊದಲು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಸೆರಗಿನಿಂದ ಎರಡನ್ನೂ ಒರೆಸಿಕೊಂಡಳು.

"ಯಾವ ಅಕ್ಷರ ಇದು?"

"ಗ. ಗಿರಿಜವ್ವನ ಗ. ಗಂಗಾಳದ ಗ."

ಅವಳು ಜೋಳದ ದೂಳು ಹತ್ತಿದ ಬೆರಳನ್ನು ಹಲಗೆಯ ಮೇಲಿಟ್ಟು ಅಕ್ಷರದ ಮೇಲೆ ಆಡಿಸಿದಳು. ಒಂದು ಸಲ, ಎರಡು ಸಲ. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಳು, ಪಂಕ್ತಿಯಲ್ಲಿ ಕೂತ ಹಾಗೆ.

"ಹಾಕು" ಅಂದಳು. "ಇನ್ನೊಂದು ಹಾಕು."

ವಿಕಾಸ ಮನೆ ಹೊಳೆಬಸಾಪುರದಲ್ಲೇ ಉಳಿಯಿತು. ನಿಯಂತ್ರಣ ಕೊಠಡಿಯ ನಿಯಮದಲ್ಲಿ ಒಂದು ಸಾಲು ಬದಲಾಯಿತು. ಅದರ ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ "ಗಂಗಾಳ ನೋಡಿ ಬಡಿಸಿ" ಅಂತ ಬರೆದಿದ್ದಾರಂತೆ. ಗಿರಿಜವ್ವ ದಿನವೂ ಹತ್ತು ಗಂಟೆಗೆ ಪಾಟಿ ಚೀಲ ಹಿಡಿದು ಹೊರಟಳು. ಒತ್ತಕ್ಷರ ಬಂದಾಗ ಕನ್ನಡವನ್ನೇ ಬೈದಳು, ಎರಡು ದಿನ ಮುನಿಸಿಕೊಂಡಳು, ಮೂರನೇ ದಿನ ಮತ್ತೆ ಹೋದಳು. ಸಂಜೆ ಫಕ್ಕೀರಪ್ಪ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ತಪ್ಪಿದರೆ, "ಟಿಕೆಟ್ ಇಲ್ಲ, ಇಳೀರಿ ಕೆಳಗ" ಅಂತ ಕಾಡುತ್ತಿದ್ದ.

ಎಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳು ಟ್ರಂಕು ತೆರೆದಳು. ಗುರುಪಾದನ ಐದು ಪುಟಗಳನ್ನು ಮಡಿಲಲ್ಲಿ ಹರಡಿಕೊಂಡಳು. ಆ ಕಾಗೆಕಾಲನ್ನು ಬಿಡಿಸಿ ಓದಲು ಅವಳಿಗೆ ಊಟದ ಹೊತ್ತಿನಿಂದ ಚಹಾದ ಹೊತ್ತಿನ ತನಕ ಬೇಕಾಯಿತು. ಮೊದಲ ಸಾಲು, ಪುಣ್ಯಾತ್ಮ, "ನಾನು ಆರಾಮ ಅದೀನಿ" ಅಂತಲೇ ಇತ್ತು. ಫಕ್ಕೀರಪ್ಪ ಸುಳ್ಳು ಹೇಳಿರಲಿಲ್ಲ, ಅಲ್ಲಿಗೇ ನಿಲ್ಲಿಸಿದ್ದ ಅಷ್ಟೆ. ಮುಂದೆ ಗುರುಪಾದ ತಾನೀಗ ಸಿಂಧನೂರಿನ ಕಡೆ ಒಂದು ಸರ್ಕಾರಿ ಹಾಸ್ಟೆಲಿಗೆ ವಾರ್ಡನ್ ಆಗಿರುವುದನ್ನು, ಮಗಳು ಹುಟ್ಟಿದ್ದನ್ನು, ಅವಳಿಗೆ ಗಿರಿಜಾ ಅಂತಲೇ ಹೆಸರಿಟ್ಟಿರುವುದನ್ನು ಬರೆದಿದ್ದ. ಗಿರಿಜವ್ವ ಆ ಸಾಲನ್ನು ಮೂರು ಸಲ ಓದಿದಳು. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: "ಅವ್ವಾ, ನಮ್ಮ ಹುಡುಗರು ಪುಂಡಿಪಲ್ಲೆ ಗಂಗಾಳದಾಗ ಬಿಟ್ಟು ಏಳ್ತಾರ. ನಿಮ್ಮ ಕೈಯಾಂದು ಯಾರೂ ಬಿಡ್ತಿರಲಿಲ್ಲ. ಹೆಂಗ ಮಾಡ್ತಿದ್ರಿ? ಲಗೂನ ಬರೀರಿ, ದಾರಿ ಕಾಯ್ತೀನಿ."

"ಅಯ್ಯ ನನ್ನ ಶಿವನ!" ಅಂತ ಚೀರಿದಳು ಗಿರಿಜವ್ವ. "ನಾಕು ವರ್ಷದಿಂದ ದಾರಿ ಕಾಯಾಕತ್ತೈತ್ರಿ ಹುಡುಗ! ನೀವು ನೋಡಿದ್ರ, ಆರಾಮ ಅದಾನಂತ!"

ಫಕ್ಕೀರಪ್ಪ ಮೆಲ್ಲಗೆ ಹಿತ್ತಲಿಗೆ ನಡೆದ.

ಅವಳು ಅಂದೇ ಉತ್ತರ ಬರೆಯಲು ಕೂತಳು. ತಪ್ಪುಗಳನ್ನು ಯಾರಿಗೂ ತಿದ್ದಲು ಕೊಡಲಿಲ್ಲ. ಪುಂ ಒಂದು ಕಡೆ ವಾಲಿತು, ಲ್ಲೆ ಇನ್ನೊಂದು ಕಡೆ ವಾಲಿತು. ಪುಂಡಿಸೊಪ್ಪು ಕುದಿಸಿದ ನೀರನ್ನು ಒಮ್ಮೆ ಚೆಲ್ಲಬೇಕು ಅಂತ ಬರೆದಳು, ಜೋಳದ ನುಚ್ಚನ್ನು ನಡುವೆ ಹಾಕಬೇಕು, ಬೆಳ್ಳುಳ್ಳಿ ಒಗ್ಗರಣೆ ಕೊನೆಗೆ ಅಂತ ಬರೆದಳು. ಚಿಕ್ಕ ಗಿರಿಜಾಗೆ ಮುತ್ತು ಅಂತ ಬರೆದಳು. ಹೆಸರು ಹಾಕಿ ಮುಗಿಸಿದ ಮೇಲೆ, ಮುಖ್ಯವಾದದ್ದೇ ಬಿಟ್ಟುಹೋಯಿತು ಅಂತ ನೆನಪಾಗಿ, ಕೆಳಗೆ ಉಳಿದ ಚೂರು ಜಾಗದಲ್ಲಿ ಒತ್ತಿ ಒತ್ತಿ ಇನ್ನೊಂದು ಸಾಲು ಸೇರಿಸಿದಳು:

"ಹುಡುಗುರು ಬ್ಯಾಡ ಅಂತಾವು. ಮೂರು ಸಲ ಕೇಳು."